ಇಂದಿನಿಂದ, ಯಾವ ಟಾಕೀಸಿನಲ್ಲಿ?

ಸಿನಿಮಾ ಪೋಸ್ಟರುಗಳ ಬಗ್ಗೆ ಮಾತಾಡುವಾಗ ನಾವೆಲ್ಲ ಅದರ ಮೇಲಿನ ಮುಖಗಳನ್ನೇ ನೆನೆಯುತ್ತೇವೆ, ಕೆಳಗೆ ಅಂಟಿಸುತ್ತಿದ್ದ ಸ್ಲಿಪ್ಪನ್ನು ಮರೆಯುತ್ತೇವೆ. ಪೋಸ್ಟರು ಶಿವಕಾಶಿಯಲ್ಲೋ ಮದರಾಸಿನಲ್ಲೋ ಅಚ್ಚಾಗಿ ಇಡೀ ರಾಜ್ಯಕ್ಕೆ ಒಂದೇ ಬಗೆಯಲ್ಲಿ ಬರುತ್ತಿತ್ತು. ನಾಯಕ, ನಾಯಕಿ, ನಿರ್ದೇಶಕ, ಸಂಗೀತ ಎಲ್ಲವೂ ಅದರಲ್ಲಿತ್ತು. ಯಾವ ಟಾಕೀಸು, ಎಷ್ಟು ಹೊತ್ತಿಗೆ ಆಟ ಎಂಬುದಷ್ಟೇ ಇರುತ್ತಿರಲಿಲ್ಲ. ಅದನ್ನು ಊರಿನ ಮುದ್ರಣಾಲಯದಲ್ಲಿ ಅಗ್ಗದ ಕಾಗದದ ಮೇಲೆ, ಕೆಂಪು ಇಲ್ಲವೇ ನೀಲಿ ಶಾಯಿಯಲ್ಲಿ, ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದರು: ‘ಇಂದಿನಿಂದ’, ಟಾಕೀಸಿನ ಹೆಸರು, ‘ದಿನಕ್ಕೆ 4 ಆಟಗಳು’. ಪೋಸ್ಟರು ನಿರ್ಮಾಪಕರದು, ಸ್ಲಿಪ್ಪು ಟಾಕೀಸಿನದು. ನಮ್ಮ ಚಿತ್ರಮಂದಿರಗಳು ಪ್ರೇಕ್ಷಕರನ್ನು ಕರೆದ ಬಗೆ ಹೇಗೆ ಬದಲಾಗುತ್ತ ಬಂತೆಂದು ನೋಡಿದರೆ, ಟಾಕೀಸಿಗಿದ್ದ ಈ ಸ್ವಂತ ದನಿ ಬೆಳೆದು, ಮೆರೆದು, ಕೊನೆಗೆ ಕ್ಷೀಣಿಸಿದ್ದು ಕಾಣುತ್ತದೆ.

1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇ ಸಹೋದರರ ಚಿತ್ರಗಳು ಮೊದಲ ಬಾರಿ ತೆರೆಯ ಮೇಲೆ ಓಡಾಡಿದಾಗ, ಕರೆ ಹೋದದ್ದು ಇಂಗ್ಲಿಷ್ ಪತ್ರಿಕೆಯ ಜಾಹೀರಾತಿನ ಮೂಲಕ. ಓದು ಬಲ್ಲ ಕೆಲವರಿಗೆ ಅದು ಸಾಕಿತ್ತು. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡು ಕನ್ನಡ ವಾಕ್ಚಿತ್ರಗಳ ಕಾಲ ಶುರುವಾದಾಗ, ಕರೆಯಬೇಕಾದ ಮಂದಿಯಲ್ಲಿ ಅಕ್ಷರ ಬಲ್ಲವರು ಕಡಿಮೆ. ಕಂಪನಿ ನಾಟಕದವರು ದಾರಿ ತೋರಿಸಿದ್ದರು: ಹ್ಯಾಂಡ್‌ಬಿಲ್ಲು ಮತ್ತು ಸದ್ದು. ಜಟಕಾ ಗಾಡಿಯ ಎರಡೂ ಬದಿಗೆ ಬೋರ್ಡು ಕಟ್ಟಿ, ಮುಂದೆ ತಮಟೆ ಬಡಿಸುತ್ತ, ಹಿಂದಿನಿಂದ ಗುಲಾಬಿ, ಹಳದಿ ಕಾಗದದ ಹ್ಯಾಂಡ್‌ಬಿಲ್ಲು ಎಸೆಯುತ್ತ ಹೋಗುವುದು ಊರೂರಿನ ನೋಟವಾಯಿತು. ಮಕ್ಕಳು ಅದರ ಹಿಂದೆ ಓಡಿ, ಹೆಕ್ಕಿ, ಮನೆಗೆ ಒಯ್ದು ಓದಿ ಹೇಳುತ್ತಿದ್ದರು. ಓದು ಬಾರದ ಅಜ್ಜಿಗೆ ಸುದ್ದಿ ಮುಟ್ಟುತ್ತಿದ್ದುದು ಹಾಗೆ. ಆಮೇಲೆ ಜಟಕಾ ಹೋಗಿ ಆಟೋ ಬಂತು, ತಮಟೆಯ ಜಾಗಕ್ಕೆ ಮೈಕು ಬಂತು. ‘ಬನ್ನಿರಿ, ನೋಡಿರಿ, ಆನಂದಿಸಿರಿ’ ಎಂಬ ರಾಗ ಮಾತ್ರ ಬದಲಾಗಲಿಲ್ಲ.

ಟೆಂಟ್ ಸಿನಿಮಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡೇರೆಯ ಮೇಲೆ ಕಟ್ಟಿದ ಲೌಡ್‌ಸ್ಪೀಕರಿನಿಂದ ಸಂಜೆಯಾಗುತ್ತಲೇ ಹಾಡು ಹೊರಡುತ್ತಿತ್ತು. ಹಳೆಯ ಮೈಸೂರಿನ ಎಷ್ಟೋ ಟೆಂಟುಗಳಲ್ಲಿ ಘಂಟಸಾಲರು ಹಾಡಿದ ವೆಂಕಟೇಶನ ಭಕ್ತಿಗೀತೆ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಲೆಕ್ಕ. ಹೊಲದಲ್ಲಿದ್ದವರು ಕೈಕಾಲು ತೊಳೆದುಕೊಳ್ಳುತ್ತಿದ್ದರು, ಪಕ್ಕದ ಹಳ್ಳಿಯವರು ಹೆಜ್ಜೆ ಬೀಸಾಗಿಸುತ್ತಿದ್ದರು. ಆಟ ಶುರುವಾದರೂ ಮೊದಲು ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಇರುತ್ತಿದ್ದುದರಿಂದ ತಡವಾಗಿ ಬಂದವರಿಗೆ ಕಥೆಯೇನೂ ತಪ್ಪುತ್ತಿರಲಿಲ್ಲ. ಚಿತ್ರದ ಹೆಸರು ಗೊತ್ತಿಲ್ಲದಿದ್ದರೂ ಹೊರಟುಬಿಡುವವರಿದ್ದರು. ಒಂದು ಟೆಂಟು ತನ್ನ ಸುತ್ತಲಿನ ಹಳ್ಳಿಗಳ ಹೊತ್ತನ್ನೇ ಹೀಗೆ ನಿಗದಿ ಮಾಡುತ್ತಿತ್ತೆಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಗೋಡೆಯ ಕೆಲಸ ರಾತ್ರಿಯದು. ಮೈದಾ ಹಿಟ್ಟನ್ನು ಬಕೆಟ್ಟಿನಲ್ಲಿ ಕುದಿಸಿ ಅಂಟು ಮಾಡಿ, ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಬೆರೆಸುತ್ತಿದ್ದರು. ಸೈಕಲ್ಲಿಗೆ ಬಕೆಟ್ಟು, ಹೆಗಲಿಗೆ ಏಣಿ. ಆರು ಶೀಟಿನ ಪೋಸ್ಟರಾದರೆ ಒಂದೊಂದು ಶೀಟನ್ನೂ ಅಂಚಿಗೆ ಅಂಚು ಕೂಡಿಸಿ, ಮುಖ ಸೊಟ್ಟಗಾಗದಂತೆ ಒರೆಸಿ ಕೂರಿಸಬೇಕು. ಬೀದಿದೀಪದ ಮಂಕು ಬೆಳಕಿನಲ್ಲಿ ಇದನ್ನು ಮಾಡುತ್ತಿದ್ದವರ ಕೈಚಳಕವನ್ನು ಯಾರೂ ಬರೆದಿಡಲಿಲ್ಲ. ಬೆಳಗಾಗುವಷ್ಟರಲ್ಲಿ ಇನ್ನೊಂದು ಟಾಕೀಸಿನವರು ಮೇಲೆ ತಮ್ಮದನ್ನು ಅಂಟಿಸಿರುವುದೂ ಇತ್ತು. ಪೋಸ್ಟರಿನ ಮಾತು ಕಾಲದೊಂದಿಗೆ ಬದಲಾಗುತ್ತಿತ್ತು. 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದ ಮೇಲೆ, ಕಪ್ಪುಬಿಳುಪಿನ ಚಿತ್ರಗಳ ನಡುವೆ ‘ಈಸ್ಟ್‌ಮನ್ ಕಲರ್’ ಎಂಬುದು ನಟರ ಹೆಸರಿನಷ್ಟೇ ದೊಡ್ಡದಾಗಿ ಕಾಣುವ ಕಾಲ ಬಂತು.

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಈ ಕಲೆ ಶಿಖರ ಮುಟ್ಟಿತು. ಸಾಗರ್, ಸ್ಟೇಟ್ಸ್, ಮೇನಕಾ, ತ್ರಿಭುವನ್, ಸಂತೋಷ್, ನರ್ತಕಿ: ಸಾಲು ಟಾಕೀಸುಗಳಿದ್ದ ಕಡೆ ಪ್ರತಿಯೊಂದೂ ಪಕ್ಕದ್ದಕ್ಕಿಂತ ಎತ್ತರವಾಗಿ ಕಾಣಬೇಕಿತ್ತು. ಸರ್ವೆ ಮರದ ಆಸರೆಗೆ ನಿಲ್ಲಿಸಿದ, ಕೈಯಲ್ಲಿ ಬರೆದ ಕಟೌಟುಗಳು, ಅವುಗಳಿಗೆ ಬಿಡುಗಡೆಯ ದಿನ ಹೂವಿನ ಹಾರ, ಅಭಿಮಾನಿ ಸಂಘದವರು ಕಟ್ಟುತ್ತಿದ್ದ ಬಣ್ಣದ ಸ್ಟಾರುಗಳು. ಬಸ್ ನಿಲ್ದಾಣದಿಂದ ಇಳಿದವನಿಗೆ ಪತ್ರಿಕೆ ಬೇಕಿರಲಿಲ್ಲ, ರಸ್ತೆಯೇ ಓದಿ ಹೇಳುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್‌ನಲ್ಲಿ ವಾರದ ಮೇಲೆ ವಾರ ಓಡುತ್ತಿದ್ದಾಗ ಏರುತ್ತಿದ್ದ ವಾರಗಳ ಸಂಖ್ಯೆಯೇ ದೊಡ್ಡ ಜಾಹೀರಾತು. ಗೇಟಿಗೆ ತೂಗುಹಾಕಿದ ‘ಹೌಸ್‌ಫುಲ್’ ಬೋರ್ಡು ಇಂದು ಟಿಕೆಟ್ ಇಲ್ಲವೆಂದು ಹೇಳುತ್ತಲೇ ನಾಳೆ ಬೇಗ ಬಾ ಎಂದೂ ಹೇಳುತ್ತಿತ್ತು.

ಊರುಗಳ ಕಥೆ ಬೇರೆ. ಪ್ರಿಂಟುಗಳು ಬೆರಳೆಣಿಕೆಯವು. ಬೆಂಗಳೂರು, ಮೈಸೂರಿನಲ್ಲಿ ಓಡಿ ಸವೆದ ಮೇಲೆ ತಗಡಿನ ಡಬ್ಬಗಳಲ್ಲಿ ಬಸ್ಸಿನ ಟಾಪ್ ಏರಿ ತಾಲ್ಲೂಕು ಕೇಂದ್ರಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಹಾಡು ಆಕಾಶವಾಣಿಯಲ್ಲಿ ಬಾಯಿಪಾಠವಾಗಿರುತ್ತಿತ್ತು, ದೂರದರ್ಶನದ ‘ಚಿತ್ರಮಂಜರಿ’ಯಲ್ಲಿ ತುಣುಕೂ ನೋಡಿ ಆಗಿರುತ್ತಿತ್ತು. ಚಿತ್ರ ನಮ್ಮೂರಿಗೆ ಯಾವತ್ತು ಎಂಬ ಒಂದೇ ಒಂದು ಸಂಗತಿ ಬಾಕಿ, ಅದನ್ನು ಹೇಳಬಲ್ಲವರು ಟಾಕೀಸಿನವರೇ. ಆದ್ದರಿಂದಲೇ ಸ್ಲಿಪ್ಪಿಗೆ, ಆಟೋ ಮೈಕಿಗೆ, ಗಾಜಿನ ಪೆಟ್ಟಿಗೆಯೊಳಗಿನ ಫೋಟೊಗಳಿಗೆ, ಇಂಟರ್‌ವೆಲ್‌ನಲ್ಲಿ ತೋರಿಸುತ್ತಿದ್ದ ‘ಮುಂದಿನ ಬದಲಾವಣೆ’ಯ ಸ್ಲೈಡಿಗೆ ಅಷ್ಟು ಬೆಲೆ.

ಪೋಸ್ಟರು ಸತ್ತದ್ದು ಮೊಬೈಲಿನಿಂದ ಎಂದು ಹೇಳುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಟಾಕೀಸಿನ ದನಿ ಕುಗ್ಗಿದ್ದು ಡಬ್ಬ ಹೋದಾಗ. ಚಿತ್ರಗಳು ಡಿಜಿಟಲ್ ಆಗಿ ಉಪಗ್ರಹದ ಮೂಲಕವೋ ಹಾರ್ಡ್‌ಡಿಸ್ಕಿನಲ್ಲೋ ಬರತೊಡಗಿದ ಮೇಲೆ ಬೆಂಗಳೂರಿಗೂ ಸಿಂಧನೂರಿಗೂ ಒಂದೇ ಶುಕ್ರವಾರ. ಪತ್ರಿಕೆಯಲ್ಲಿ ಪುಟದಗಲ ಒಂದು ಜಾಹೀರಾತು ಕೊಟ್ಟು, ಕೆಳಗೆ ಸಣ್ಣಕ್ಷರದಲ್ಲಿ ಊರು, ಚಿತ್ರಮಂದಿರಗಳ ಪಟ್ಟಿ ಹಾಕಿದರೆ ನಿರ್ಮಾಪಕರ ಕೆಲಸ ಮುಗಿಯಿತು. ಊರಿಗೆ ಊರೇ ಹೇಳಿಕೊಳ್ಳಬೇಕಾದದ್ದು ಏನೂ ಉಳಿಯಲಿಲ್ಲ.

ಗೋಡೆಗಳೂ ಕೈತಪ್ಪಿದವು. ಬಯಲು ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯುವ ಕಾಯ್ದೆ 1981ರಲ್ಲೇ ಬಂದಿತ್ತು. ಕೈಬರಹದ ಕಲಾವಿದರನ್ನು ಫ್ಲೆಕ್ಸ್ ಮನೆಗೆ ಕಳಿಸಿತು. 2016ರ ಪ್ಲಾಸ್ಟಿಕ್ ನಿಷೇಧ ಆ ಫ್ಲೆಕ್ಸನ್ನೂ ಸೇರಿಸಿಕೊಂಡಿತು, 2018ರಲ್ಲಿ ಹೈಕೋರ್ಟಿನ ಕಟ್ಟುನಿಟ್ಟಿನ ಆದೇಶಗಳ ಬೆನ್ನಿಗೆ ಬೆಂಗಳೂರು ಪಾಲಿಕೆ ಹೋರ್ಡಿಂಗುಗಳನ್ನು ತೆಗೆಸಿತು. ನಗರಕ್ಕೆ ಇದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಕುಂಚ ಹಿಡಿದು ಬದುಕಿದವರಿಗೆ ಮಾತ್ರ ಯಾರೂ ಬೇರೆ ದಾರಿ ಮಾಡಿಕೊಡಲಿಲ್ಲ.

2004ರಲ್ಲಿ ಕೋರಮಂಗಲದ ಮಾಲಿನಲ್ಲಿ 11 ತೆರೆಗಳ ಮಲ್ಟಿಪ್ಲೆಕ್ಸ್ ಬಂದಾಗ ‘ದಿನಕ್ಕೆ 4 ಆಟಗಳು’ ಎಂಬ ವಾಕ್ಯಕ್ಕೇ ಅರ್ಥ ಹೋಯಿತು. ಒಂದೇ ಸೂರಿನಡಿ ಹತ್ತಾರು ಚಿತ್ರ, ಹತ್ತಾರು ಹೊತ್ತು, ಅದೂ ದಿನಕ್ಕೊಂದು ಬಗೆ. ಇದನ್ನು ಗೋಡೆಯ ಮೇಲೆ ಬರೆಯಲಾಗದು. 2007ರಲ್ಲಿ ಬುಕ್‌ಮೈಶೋ ಹುಟ್ಟಿದಾಗ ಈ ಕೆಲಸ ಅದರ ಪಾಲಾಯಿತು. ಅನುಕೂಲ ಎಷ್ಟೆಂಬುದನ್ನು ಸರತಿಯಲ್ಲಿ ನಿಂತು ಲಾಠಿ ರುಚಿ ಕಂಡವರು ಬಲ್ಲರು. ಆದರೆ ಅಲ್ಲಿ ಟಾಕೀಸು ಎಂಬುದು ಪಟ್ಟಿಯ ಒಂದು ಸಾಲು. ಮುಂಗಡ ಬುಕಿಂಗ್ ಕಾಣದ ಆಟ ಸದ್ದಿಲ್ಲದೆ ಇಳಿಯುತ್ತದೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತಿರುವಾಗ, ಶುಕ್ರವಾರ ಮೂರು ಆಟ ಪಡೆದ ಸಣ್ಣ ಚಿತ್ರಕ್ಕೆ ಸೋಮವಾರ ಬೆಳಗಿನ 10 ಗಂಟೆಯ ಒಂದೇ ಆಟ ಉಳಿದಿರುತ್ತದೆ. ಚೆನ್ನಾಗಿದೆಯೆಂಬ ಮಾತು ಬಾಯಿಂದ ಬಾಯಿಗೆ ಹರಡಲು ಬೇಕಾದ ನಾಲ್ಕು ದಿನಗಳೂ ಅದಕ್ಕೆ ಸಿಗುವುದಿಲ್ಲ.

ಆ ಪಟ್ಟಿಯೊಳಗೆ ಸೇರದ ತಾಲ್ಲೂಕಿನ ಟಾಕೀಸುಗಳ ಪಾಡು ಇನ್ನೂ ಕಷ್ಟ. ಫೋನಿನಲ್ಲಿ ಹುಡುಕುವ ಹುಡುಗನಿಗೆ ಅದು ಬಾಗಿಲು ಮುಚ್ಚಿದ ಕಟ್ಟಡವಿದ್ದಂತೆ. ಇಂಥ ಕೆಲವು ಟಾಕೀಸಿನವರು ಈಗ ತಾವೇ ಕೈಹಾಕಿದ್ದಾರೆ. ಚಿತ್ರದ ಪೋಸ್ಟರಿನ ಕೆಳಗೆ ಟಾಕೀಸಿನ ಹೆಸರು, ಆಟದ ಹೊತ್ತು, ಟಿಕೆಟ್ ದರ ಕೂಡಿಸಿ ವಾಟ್ಸ್ಆ್ಯಪ್ ಗುಂಪುಗಳಿಗೆ ಬಿಡುತ್ತಾರೆ. ‘ಇಂದಿನಿಂದ’ ಎಂದು ಮೊದಲು ಬರೆಯುವುದನ್ನು ಅವರು ಬಿಟ್ಟಿಲ್ಲ.