ದೇವರ ಸರ್ವಜ್ಞತೆ: ಹೀಬ್ರೂ ಧರ್ಮಗ್ರಂಥಗಳಲ್ಲಿ

ಮನುಷ್ಯನ ನಡೆ, ನುಡಿ, ಮನದೊಳಗಿನ ಎಣಿಕೆ ಯಾವುದೂ ದೇವರಿಗೆ ಮರೆಯಲ್ಲ ಎಂಬ ನಂಬಿಕೆ ಹೀಬ್ರೂ ಧರ್ಮಗ್ರಂಥದ (ಯೆಹೂದ್ಯರ ತನಖ್, ಕ್ರೈಸ್ತರ ಹಳೆಯ ಒಡಂಬಡಿಕೆ) ಉದ್ದಕ್ಕೂ ಇದೆ. ಆದರೆ ಗ್ರಂಥ ಇದನ್ನು ಸಿದ್ಧಾಂತವಾಗಿ ಮಂಡಿಸುವುದಿಲ್ಲ. ಈ ನಂಬಿಕೆ ಕಥೆಯಲ್ಲಿ, ಪ್ರಾರ್ಥನೆಯಲ್ಲಿ, ದೇವರ ಮೇಲಿನ ದೂರಿನಲ್ಲಿ ಮೂಡಿಬರುತ್ತದೆ. ಒಬ್ಬರನ್ನು ಬಲ್ಲೆ ಎಂದರೆ ಅವರ ಹೊಣೆ ಹೊತ್ತಿದ್ದೇನೆ ಎಂಬ ಅರ್ಥವೂ ಅಲ್ಲಿ ಸೇರಿದೆ.

ಆದಿಕಾಂಡದ 16ನೇ ಅಧ್ಯಾಯದಲ್ಲಿ ಐಗುಪ್ತದ ದಾಸಿ ಹಾಗರಳು ಬಸುರಿ. ಯಜಮಾನಿ ಸಾರಯಳ ಕಾಟ ತಾಳಲಾರದೆ ಅಡವಿಗೆ ಓಡಿಹೋಗಿದ್ದಾಳೆ. ಸಾರಯಳಾಗಲಿ ಅವಳ ಗಂಡ ಅಬ್ರಾಮನಾಗಲಿ ಹಾಗರಳ ಹೆಸರೆತ್ತುವುದಿಲ್ಲ. ಅವರ ಬಾಯಲ್ಲಿ ಅವಳು ಬರೀ ‘ದಾಸಿ’. ನೀರಿನ ಬುಗ್ಗೆಯ ಬಳಿ ದೇವದೂತನೇ ಮೊದಲು ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವಳು ದೇವರಿಗೆ ‘ನೋಡುವವನು’ ಎಂಬ ಅರ್ಥದ ಹೆಸರಿಡುತ್ತಾಳೆ. ಯಜಮಾನಿಯ ಬಳಿಗೇ ಮರಳಿಹೋಗು ಎಂಬ ಅಪ್ಪಣೆಯೂ ಅಲ್ಲೇ ಬರುವುದರಿಂದ ಇದನ್ನು ಬರೀ ಸಾಂತ್ವನದ ಕಥೆಯಾಗಿ ಓದುವುದು ಕಷ್ಟ.

ಒಂದನೇ ಸಮುವೇಲ 16ರಲ್ಲಿ ಪ್ರವಾದಿ ಸಮುವೇಲ ಇಷಯನ ಹಿರಿಮಗ ಎಲೀಯಾಬನ ಎತ್ತರ, ರೂಪ ಕಂಡು ಇವನೇ ಅರಸನಾಗತಕ್ಕವನೆಂದುಕೊಳ್ಳುತ್ತಾನೆ. ದೇವರು ಹೃದಯವನ್ನು ನೋಡಿ ಕುರಿ ಕಾಯುತ್ತಿದ್ದ ಕಿರಿಯ ಮಗ ದಾವೀದನನ್ನು ಆರಿಸುತ್ತಾನೆ. ಯೆರೆಮೀಯನ ಪ್ರವಾದನೆಯಲ್ಲಿ ದೇವರು ಹೃದಯವನ್ನೂ ಮೂತ್ರಪಿಂಡಗಳನ್ನೂ ಶೋಧಿಸುತ್ತಾನೆ. ಅಂತರಂಗದ ಭಾವನೆಗಳ ನೆಲೆ ಮೂತ್ರಪಿಂಡವೆಂಬುದು ಆ ಕಾಲದವರ ಎಣಿಕೆ.

ಈ ವಿಷಯದಲ್ಲಿ 139ನೇ ಕೀರ್ತನೆಗೆ ಸಾಟಿಯಿಲ್ಲ. ಕೂರುವುದು, ಏಳುವುದು, ನಾಲಿಗೆಗೆ ಇನ್ನೂ ಬಾರದ ಮಾತು ಎಲ್ಲವೂ ದೇವರಿಗೆ ಗೊತ್ತು. ಆಕಾಶಕ್ಕೇರಿದರೂ, ಪಾತಾಳಕ್ಕಿಳಿದರೂ, ಕಡಲಿನ ಆಚೆ ತುದಿಗೆ ಹೋದರೂ ಅವನಿದ್ದಾನೆ. ಗರ್ಭದಲ್ಲಿ ದೇಹ ರೂಪುಗೊಳ್ಳುವಾಗಲೇ ಬದುಕಿನ ದಿನಗಳು ಅವನ ಪುಸ್ತಕದಲ್ಲಿವೆ. 24 ವಚನಗಳ ಈ ಕೀರ್ತನೆ 19ರಿಂದ 22ರವರೆಗೆ ತಟ್ಟನೆ ದುಷ್ಟರ ಮೇಲಿನ ಕಡುಕೋಪಕ್ಕೆ ತಿರುಗುತ್ತದೆ. ಇಂದಿನ ಕಥೋಲಿಕ ಯಾಮಪ್ರಾರ್ಥನೆಯಲ್ಲಿ (ದಿನದ ನಿಗದಿತ ವೇಳೆಗಳ ಪ್ರಾರ್ಥನೆ) ಈ ನಾಲ್ಕು ವಚನಗಳನ್ನು ಬಿಡಲಾಗಿದೆ. ಬಿಟ್ಟರೆ ಕೊನೆಯ ಬೇಡಿಕೆಯ ಕಾವೇ ಆರಿಹೋಗುತ್ತದೆ: ಹಗೆಯನ್ನು ಕಾರಿಕೊಂಡ ಬಾಯೇ ಮರುಕ್ಷಣ ನನ್ನೊಳಗೂ ಕೇಡಿದೆಯೇ ನೋಡು ಎಂದು ಕೇಳುತ್ತಿದೆ. ಕೀರ್ತನೆಯ ತಲೆಬರಹದಲ್ಲಿ ದಾವೀದನ ಹೆಸರಿದ್ದರೂ, ಭಾಷೆಯಲ್ಲಿನ ಅರಾಮಿಕ್ ಛಾಯೆಯನ್ನು ಗಮನಿಸಿ ಅನೇಕ ವಿದ್ವಾಂಸರು ಇದನ್ನು ಆತನಿಗಿಂತ ಬಹಳ ಈಚಿನದೆನ್ನುತ್ತಾರೆ. ಮೃತ ಸಮುದ್ರದ ಬಳಿಯ ಕುಮ್ರಾನ್‌ನ 11ನೇ ಗುಹೆಯಲ್ಲಿ 1956ರಲ್ಲಿ ಸಿಕ್ಕ ಕೀರ್ತನೆಗಳ ಸುರುಳಿಯಲ್ಲಿ ಇದರ ಭಾಗ ಉಳಿದುಬಂದಿದೆ.

ಯೋಬನ ಗ್ರಂಥದಲ್ಲಿ, ಸಂಕಟಕ್ಕೆ ಸಿಕ್ಕ ಯೋಬನಿಗೆ ದೇವರ ಇದೇ ನೋಟ ಹಿಂಸೆ. ಉಗುಳು ನುಂಗುವಷ್ಟು ಹೊತ್ತೂ ನನ್ನನ್ನು ಬಿಡುವುದಿಲ್ಲವಲ್ಲ ಎಂದು 7ನೇ ಅಧ್ಯಾಯದಲ್ಲಿ ಗೋಳಾಡುತ್ತಾನೆ. ಆದರೆ 31ನೇ ಅಧ್ಯಾಯದಲ್ಲಿ ತಾನು ನಿರ್ದೋಷಿಯೆಂದು ಸಾರುವಾಗ, ದೇವರು ನನ್ನ ಹೆಜ್ಜೆಗಳನ್ನೆಲ್ಲ ಎಣಿಸುತ್ತಾನೆಂಬುದನ್ನೇ ಆಧಾರವಾಗಿ ಹಿಡಿಯುತ್ತಾನೆ. ಆ ಸಂಕಟದಲ್ಲಿ ಅವನ ಪರ ನಿಲ್ಲಬಲ್ಲ ಸಾಕ್ಷಿ ಬೇರೆ ಯಾರೂ ಇಲ್ಲ.

ಸರ್ವಜ್ಞತೆಯ ಚೌಕಟ್ಟಿಗೆ ಸುಲಭವಾಗಿ ಒಗ್ಗದ ಭಾಗಗಳೂ ಇವೆ. ಸೊದೋಮ್ ಊರಿನ ಮೇಲೆ ಬಂದ ದೂರು ನಿಜವೇ ಎಂದು ನೋಡಲು ದೇವರು ಇಳಿದುಬರುತ್ತಾನೆ (ಆದಿಕಾಂಡ 18). ಅಬ್ರಹಾಮನು (ಹಾಗರಳ ಕಥೆಯ ಅಬ್ರಾಮ) ಮಗನನ್ನು ಬಲಿಕೊಡಲು ಕತ್ತಿ ಎತ್ತಿದ ಮೇಲೆ, ನಿನ್ನ ಭಯಭಕ್ತಿ ಈಗ ತಿಳಿಯಿತೆಂಬ ಮಾತು ಬರುತ್ತದೆ (ಆದಿಕಾಂಡ 22). ಕೆಯೀಲಾ ಊರಿನ ಪ್ರಸಂಗ ಇನ್ನೂ ಸೂಕ್ಷ್ಮ (1 ಸಮುವೇಲ 23). ಊರಿನವರು ನನ್ನನ್ನು ಬೆನ್ನಟ್ಟಿರುವ ಅರಸ ಸೌಲನಿಗೆ ಹಿಡಿದುಕೊಡುವರೇ ಎಂದು ದಾವೀದ ಕೇಳುತ್ತಾನೆ. ಹೌದೆಂಬ ಉತ್ತರ ಬರುತ್ತದೆ. ದಾವೀದ ಊರು ಬಿಡುತ್ತಾನೆ, ಸೌಲ ಬರುವುದೇ ಇಲ್ಲ. ನಡೆಯದೆಹೋದ ಸಂಗತಿಯೂ ದೇವರ ಅರಿವಿನಲ್ಲಿತ್ತು, ಆದರೂ ಆ ಅರಿವು ದಾವೀದನ ಕಾಲು ಕಟ್ಟಿಹಾಕಲಿಲ್ಲ.

ಹಾಗಾದರೆ ಮನುಷ್ಯನಿಗೆ ಸ್ವಾತಂತ್ರ್ಯವಿದೆಯೇ? ಎಲ್ಲವೂ ಮೊದಲೇ ಕಾಣುತ್ತದೆ, ಆದರೂ ಆಯ್ಕೆ ಮನುಷ್ಯನದೇ ಎಂಬ ನಿಲುವನ್ನು ಯೆಹೂದ್ಯರ ಪ್ರಾಚೀನ ಧರ್ಮವಿಧಿ ಸಂಗ್ರಹವಾದ ಮಿಷ್ನಾದ ‘ಪಿರ್ಕೇ ಅವೋತ್’ ಭಾಗ ರಬ್ಬಿ ಅಕೀವನ ಮಾತಾಗಿ ಕೊಡುತ್ತದೆ. ದೇವರು ಬಲ್ಲನೆಂಬುದು ಕೃತ್ಯಕ್ಕೆ ಕಾರಣವಾಗುವುದಿಲ್ಲ ಎಂದು 10ನೇ ಶತಮಾನದ ಯೆಹೂದಿ ಚಿಂತಕ ಸಾದಿಯಾ ಗಾವೋನ್ ವಾದಿಸಿದ. ಮೈಮೊನಿಡೀಸ್ (1138–1204) ದೇವರ ಅರಿವು ನಮ್ಮ ಅರಿವಿನಂಥದಲ್ಲ, ಅದರ ಬಗೆ ಮನುಷ್ಯಬುದ್ಧಿಗೆ ನಿಲುಕದು ಎಂದ. ಗೆರ್ಸೊನಿಡೀಸ್ (1288–1344) ಎಲ್ಲರಿಗಿಂತ ದಿಟ್ಟ: ದೇವರು ಜಗತ್ತಿನ ಒಟ್ಟು ಕ್ರಮವನ್ನೂ ಮನುಷ್ಯನ ಮುಂದಿರುವ ಸಾಧ್ಯತೆಗಳನ್ನೂ ಬಲ್ಲ, ಅವುಗಳಲ್ಲಿ ಒಬ್ಬ ವ್ಯಕ್ತಿ ಯಾವುದನ್ನು ಆರಿಸುವನೆಂಬುದನ್ನು ಮುಂಚಿತವಾಗಿ ಬಲ್ಲವನಲ್ಲ ಎಂಬುದು ಅವನ ನಿಲುವು. ಮುಂದಿನ ಯೆಹೂದಿ ಚಿಂತಕರಲ್ಲಿ ಹೆಚ್ಚಿನವರು ಇದನ್ನು ಒಪ್ಪಲಿಲ್ಲ.