ಗಣೆಯ ಮೇಲಿನ ಇಲಾಪುತ್ರ

ಅರ್ಧಮಾಗಧಿ ಆಗಮಗಳಲ್ಲಿ ಕೈಚಳಕದ ಆಟಗಳು ಎರಡು ಬೇರೆ ಬೇರೆ ಪಟ್ಟಿಗಳಲ್ಲಿ ಸಿಗುತ್ತವೆ. ಒಂದು ಜ್ಞಾತೃಧರ್ಮಕಥಾದ ಮೊದಲ ಅಧ್ಯಯನದಲ್ಲಿದೆ. ಶ್ರೇಣಿಕನ ಮಗ ಮೇಘಕುಮಾರನು ಕಲಾಚಾರ್ಯನ ಬಳಿ ಕಲಿತ 72 ಕಲೆಗಳ ಪಟ್ಟಿ ಅದು. ಬರವಣಿಗೆ, ಗಣಿತಗಳಿಂದ ತೊಡಗಿ ಹಕ್ಕಿಗಳ ದನಿಯನ್ನು ಅರಿಯುವ ವಿದ್ಯೆಯವರೆಗೆ ಸಾಗುವ ಈ ಸಾಲಿನ ಕೊನೆಯ ಭಾಗದಲ್ಲಿ ಸುತ್ತಖೇಡ, ವಟ್ಟಖೇಡ, ನಾಲಿಯಾಖೇಡ ಎಂಬ ಮೂರು ಹೆಸರುಗಳಿವೆ. ದಾರದ ಆಟ, ದುಂಡು ವಸ್ತುವಿನ ಆಟ, ನಾಳಿಕೆಯ ಆಟ ಎಂದು ಅವನ್ನು ಕನ್ನಡಿಸಬಹುದು. ನಾಳಿಕೆಯನ್ನು ಜೂಜಿನ ಸಾಧನವೆಂದು ವಿವರಿಸುವುದೂ ಉಂಟು. ಏನೇ ಇರಲಿ, ಬಿಲ್ವಿದ್ಯೆ, ವ್ಯೂಹರಚನೆಗಳ ನೆರೆಯಲ್ಲೇ ಬೆರಳುಗಳ ಆಟಕ್ಕೂ ಅಲ್ಲಿ ಸ್ಥಾನವಿದೆ.

ಇನ್ನೊಂದು ಪಟ್ಟಿ ಔಪಪಾತಿಕ ಸೂತ್ರದ ಆರಂಭದ್ದು. ಚಂಪಾನಗರದ ಹೊರಗಣ ಪೂರ್ಣಭದ್ರ ಚೈತ್ಯದ ಬಳಿ ನೆರೆಯುತ್ತಿದ್ದವರನ್ನು ಅದು ಎಣಿಸುತ್ತದೆ: ನಟರು, ನರ್ತಕರು, ಹಗ್ಗದ ಮೇಲಾಡುವ ಜಲ್ಲರು, ಮಲ್ಲರು, ಕಥೆ ಹೇಳುವವರು, ಬಿದಿರ ತುದಿಯಲ್ಲಾಡುವ ಲಂಖರು, ಚಿತ್ರಪಟ ತೋರಿಸಿ ಬೇಡುವ ಮಂಖರು. ರಾಜಕುಮಾರನ ಕೈಯಲ್ಲಿ ಕಲೆಯೆನಿಸಿದ್ದು ಇಲ್ಲಿ ಹೊಟ್ಟೆಪಾಡು. ಮೊದಲ ಪಟ್ಟಿಯಲ್ಲಿ ವಿದ್ಯೆಗಳ ಹೆಸರುಗಳಿವೆ. ಎರಡನೆಯದರಲ್ಲಿ ಇರುವುದು ಜನರ ಗುಂಪುಗಳ ಹೆಸರು. ಕನ್ನಡದ ಓದುಗರಿಗೆ ಈ ಅಂತರ ಹೊಸದಲ್ಲ. ‘ಕಲೆ’ ಎಂಬ ಮಾತಿಗೂ ‘ದೊಂಬರಾಟ’ ಎಂಬ ಮಾತಿಗೂ ನಾವು ಕೊಡುವ ತೂಕವನ್ನು ನೆನೆದರೆ ಸಾಕು.

ಈ ಎರಡು ಪಟ್ಟಿಗಳ ನಡುವೆ ದಾಟಿದವನೊಬ್ಬನಿದ್ದಾನೆ. ಅವನೇ ಆವಶ್ಯಕ ಚೂರ್ಣಿಯಲ್ಲೂ 8ನೆಯ ಶತಮಾನದ ಹರಿಭದ್ರಸೂರಿಯ ಆವಶ್ಯಕ ಟೀಕೆಯಲ್ಲೂ ಬರುವ ಇಲಾಪುತ್ರ. ಇಲಾ ಎಂಬ ದೇವತೆಗೆ ಹರಕೆ ಹೊತ್ತು ಪಡೆದ ವರ್ತಕನ ಮಗನೀತ. ಊರಿಗೆ ಬಂದ ಲಂಖರ ಹುಡುಗಿಯನ್ನು ಕಂಡು ಮರುಳಾಗುತ್ತಾನೆ. ಅವಳ ತೂಕದ ಹೊನ್ನು ಕೊಡುತ್ತೇನೆಂದರೂ ಅವಳ ಕಡೆಯವರು ಒಪ್ಪುವುದಿಲ್ಲ. ಅವಳು ತಮ್ಮ ಅಕ್ಷಯನಿಧಿ. ಬೇಕಿದ್ದರೆ ನಮ್ಮ ವಿದ್ಯೆ ಕಲಿತು ನಮ್ಮೊಡನೆ ತಿರುಗು ಎನ್ನುತ್ತಾರೆ. ಇಲ್ಲಿ ಷರತ್ತು ಹಾಕುವವರು ಕೆಳಗಿನವರೆನಿಸಿಕೊಂಡವರು, ಅದಕ್ಕೆ ತಲೆಬಾಗುವವನು ಶ್ರೇಷ್ಠಿಪುತ್ರ.

ಮುಂದೆ ಬೆನ್ನಾತಟದ ಅರಸನೆದುರು ನಡೆಯುವ ಪ್ರದರ್ಶನದ ವಿವರ ಕಣ್ಣಾರೆ ಕಂಡವನು ಬರೆದಂತಿದೆ. ನೆಟ್ಟ ಗಣೆಯ ತುದಿಗೆ ಅಡ್ಡಲಾಗಿ ಒಂದು ಮರ. ಅದರ ಮೇಲೆ ಗೂಟಗಳು. ಆಟಗಾರನ ಕಾಲಲ್ಲಿ ತಳದಲ್ಲಿ ತೂತು ಕೊರೆದ ಪಾದುಕೆಗಳು, ಕೈಗಳಲ್ಲಿ ಖಡ್ಗ ಮತ್ತು ಗುರಾಣಿ. ಮೇಲಕ್ಕೆ ನೆಗೆದು, ಮುಂದಕ್ಕೆ ಏಳು, ಹಿಂದಕ್ಕೆ ಏಳು ಲಾಗ ಹಾಕಿ, ಪ್ರತಿಸಲವೂ ಪಾದುಕೆಯ ತೂತು ಗೂಟದಲ್ಲಿ ಕೂರುವಂತೆ ಇಳಿಯಬೇಕು. ತಪ್ಪಿದರೆ ದೇಹ ನೂರು ಚೂರು. ಖಡ್ಗ ಗುರಾಣಿಗಳು ಬರಿಯ ಅಲಂಕಾರವಲ್ಲ: ಎರಡು ಕೈಗಳೂ ತುಂಬಿರುವುದರಿಂದ ಜಾರಿದವನಿಗೆ ಹಿಡಿಯಲು ಏನೂ ಇರುವುದಿಲ್ಲ.

ಜನ ಭಲೇ ಎನ್ನುತ್ತಾರೆ. ಆದರೆ ಅರಸನ ಕಣ್ಣು ಕೆಳಗಿರುವ ಹುಡುಗಿಯ ಮೇಲೆ. ಇವನು ಬಿದ್ದು ಸತ್ತರೆ ಅವಳು ತನ್ನವಳು. ‘ನಾನು ನೋಡಲಿಲ್ಲ, ಇನ್ನೊಮ್ಮೆ ಮಾಡು’ ಎನ್ನುತ್ತಾನೆ. ಅರಸ ಕೊಡದೆ ಬೇರೆ ಯಾರೂ ಕೊಡುವಂತಿಲ್ಲ. ಎರಡನೆಯ ಸಲವೂ, ಮೂರನೆಯ ಸಲವೂ ಅದೇ ಮಾತು. ನೋಡುವವನ ಕಣ್ಣಿಲ್ಲದೆ ನಿಲ್ಲದ ವಿದ್ಯೆಯನ್ನು ನೋಡಲಿಲ್ಲವೆಂದು ಹೇಳುವುದಕ್ಕಿಂತ ಕ್ರೂರವಾದ ನಿರಾಕರಣೆ ಇರಲಾರದು. ನಾಲ್ಕನೆಯ ಸಲ ಗಣೆಯ ತುದಿಯಿಂದ ಇಲಾಪುತ್ರನು ಪಕ್ಕದ ಮನೆಯೊಂದರಲ್ಲಿ ಸರ್ವಾಲಂಕೃತ ಸ್ತ್ರೀಯರು ಸಾಧುಗಳಿಗೆ ಭಿಕ್ಷೆ ನೀಡುವುದನ್ನು ಕಾಣುತ್ತಾನೆ. ಸಾಧುಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಅಲ್ಲೇ, ಆ ಮರದ ಮೇಲೆಯೇ, ಅವನಿಗೆ ಕೇವಲಜ್ಞಾನ.

ಆಟದ ನೋಟಕ್ಕೂ ಸಾಧುವಿಗೂ ಜೈನ ಪರಂಪರೆ ಕಲ್ಪಿಸುವ ದೂರ ಬಲ್ಲವರಿಗೆ ಇದು ಸೋಜಿಗವೆನಿಸಬೇಕು. ಕಲ್ಪಸೂತ್ರದ ಟೀಕೆಗಳಲ್ಲಿ ಬರುವ ನಗೆಯ ಪ್ರಸಂಗವೊಂದರಲ್ಲಿ ಋಷಭನ ಕಾಲದ ಮುಗ್ಧ ಮುನಿಗಳು ನಟನ ಆಟ ನೋಡಿ ತಡವಾಗಿ ಬರುತ್ತಾರೆ. ಗುರು ಗದರಿಸಿದ ಮೇಲೆ ಮತ್ತೊಂದು ದಿನ ನಟಿಯ ಆಟ ನೋಡಿ ಬಂದು, ತಾವು ನಿಷೇಧಿಸಿದ್ದು ನಟನನ್ನಲ್ಲವೇ ಎನ್ನುತ್ತಾರೆ. ನೋಡುವುದಕ್ಕೇ ಅಡ್ಡಿಯಿರುವ ಆಟದ ನಟ್ಟನಡುವೆ, ಅದೂ ಆಡುತ್ತಿರುವವನಿಗೇ, ಪರಮಜ್ಞಾನ ಒದಗುತ್ತದೆ.

ಇದನ್ನು ಕೇವಲ ವೈರಾಗ್ಯಕಥೆಯೆಂದು ಓದಿ ಮುಗಿಸುವುದು ವಾಡಿಕೆ. ನಿರ್ಯುಕ್ತಿಯ ಇಂಗಿತ ಬೇರೆ. ಸಾಮಾಯಿಕ ಲಭಿಸುವ ಕಾರಣಗಳನ್ನು ಅನುಕಂಪೆ, ದಾನ, ವಿನಯ ಮುಂತಾಗಿ ಎಣಿಸುವಾಗ ಅದು ಇಲಾಪುತ್ರನನ್ನು ಇಡುವುದು ‘ಸತ್ಕಾರ’ದ ಉದಾಹರಣೆಯಾಗಿ. ಹಂಬಲಿಸಿದ ಮನ್ನಣೆ ದಕ್ಕದವನು ಅವನು. ಮೂರು ಸಲ ಸಾವನ್ನು ದಾಟಿ ಬಂದರೂ ಸಂಭಾವನೆಯಿಲ್ಲದ ಆಟಗಾರನ ಎದುರಿಗೆ, ಏನನ್ನೂ ಬಯಸದೆ ನಿಂತವರಿಗೆ ಆದರ ಸಲ್ಲುತ್ತಿದೆ. ಕೂಲಿ ಸಿಗದ ಕಲಾವಿದನ ನೋವು ಹೀಗೆ ತತ್ತ್ವಗ್ರಂಥದ ಒಂದು ಶೀರ್ಷಿಕೆಯಾಗಿದೆ.

ಕುಲದ ಪ್ರಶ್ನೆಯನ್ನೂ ಕಥೆ ಬಿಡುವುದಿಲ್ಲ, ಆದರೆ ಅಲ್ಲಿ ಅದು ಇಷ್ಟು ಧೈರ್ಯ ತೋರುವುದಿಲ್ಲ. ಹಿಂದಿನ ಜನ್ಮದಲ್ಲಿ ಜಾತಿಮದ ತೋರಿದ್ದರಿಂದ ಹುಡುಗಿ ಲಂಖರಲ್ಲಿ ಹುಟ್ಟಿದಳಂತೆ. ಮದವನ್ನು ಖಂಡಿಸುವ ಮಾತೇ ಲಂಖರ ಹುಟ್ಟನ್ನು ಶಿಕ್ಷೆಯಾಗಿಸಿದೆ.

ಶ್ವೇತಾಂಬರರ ಬೆಳಗಿನ ಪ್ರತಿಕ್ರಮಣದ ಭರಹೇಸರ ಸಜ್ಝಾಯದಲ್ಲಿ ಇಲಾಪುತ್ರನ ಹೆಸರು ಇಂದಿಗೂ ಕೇಳಿಬರುತ್ತದೆ. ಆವಶ್ಯಕದ ಕಥೆಯಲ್ಲಿ ಹುಡುಗಿಗೂ, ಪಟ್ಟದರಸಿಗೂ, ಕೊನೆಗೆ ಅರಸನಿಗೂ ಜ್ಞಾನ ಉದಿಸುತ್ತದೆ. ಅಕ್ಷಯನಿಧಿಯನ್ನು ಕಳೆದುಕೊಂಡು ಗಣೆಯ ಬುಡದಲ್ಲಿ ನಿಂತ, ಅವನಿಗೆ ಆ ನೆಗೆತವನ್ನು ಕಲಿಸಿದ ಲಂಖರತ್ತ ಮಾತ್ರ ಅದು ಮತ್ತೆ ತಿರುಗುವುದಿಲ್ಲ.