ಪರಮಾಣು ಬೀಜದ ಗಣನೆ: ಒಂದು ವಿಧಾನದ ಚರಿತ್ರೆ

ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು 1959ರಿಂದ ಮೊದಲ್ಗೊಂಡು ಕನ್ನಡಿಗರ ಕೈಗಿತ್ತರು. ಸುಮಾರು ಅದೇ ಕಾಲದಲ್ಲಿ, ಪರಮಾಣು ಬೀಜವನ್ನು ಅರಿಯುವ ಗಣನಾವಿಧಾನವೊಂದು ಹೊರದೇಶದಲ್ಲಿ ಜನ್ಮ ತಾಳಿತು. ಅದು ಫಲ ಕೊಡಲು ಅರ್ಧ ಶತಮಾನ ಹಿಡಿಯಿತು. ಅಷ್ಟು ವಿಳಂಬವೇಕಾಯಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳೂ ಕೇಳಬೇಕಾದ ಪ್ರಶ್ನೆ.

ಬೀಜದೊಳಗಿನ ಪ್ರೋಟಾನು, ನ್ಯೂಟ್ರಾನುಗಳ ಪರಸ್ಪರ ಬಲದಿಂದಲೇ ಹೊರಟು ಬೀಜದ ಗಾತ್ರವನ್ನೂ ಬಂಧನಶಕ್ತಿಯನ್ನೂ ಕಂಡುಹಿಡಿಯುವುದಕ್ಕೆ ಮೂಲತತ್ತ್ವದಿಂದ ಗಣಿಸುವುದೆಂದು ಹೆಸರು. ಕೆಲಸ ಸುಲಭವಲ್ಲ. ಆಮ್ಲಜನಕದ ಬೀಜದ 16 ಕಣಗಳಲ್ಲಿ 120 ಜೋಡಿಗಳೂ 560 ತ್ರಿಕಗಳೂ ಉಂಟು. ಕ್ಯಾಲ್ಸಿಯಂ-48ರಲ್ಲಿ ತ್ರಿಕಗಳೇ 17,296. ಮೂರನೆಯವನ ಸಮ್ಮುಖದಲ್ಲಿ ಇಬ್ಬರ ಮಾತಿನ ಧಾಟಿ ಬದಲಾಗುವಂತೆ, ಇಲ್ಲಿ ಮೂರನೆಯ ಕಣದಿಂದ ಬಲವೇ ಬೇರೆಯಾಗುತ್ತದೆ. 1949ರಲ್ಲಿ ಮೇಯರ್ ಮತ್ತು ಯೆನ್ಸೆನ್ ಮುಂದಿಟ್ಟ ಕವಚ ಮಾದರಿಯು ಪ್ರತಿಯೊಂದು ಕಣವೂ ಒಂದು ಸರಾಸರಿ ಬಲಕ್ಷೇತ್ರದಲ್ಲಿ ಚಲಿಸುವುದೆಂದು ಭಾವಿಸಿ ಬಹಳ ಸಂಗತಿಗಳನ್ನು ವಿವರಿಸಿತು. ಆದರೆ ಆ ಕ್ಷೇತ್ರವನ್ನು ಮೂಲಬಲದಿಂದ ಸಾಧಿಸಲಿಲ್ಲ.

1958ರಲ್ಲಿ ಕೋಸ್ಟರ್, 1960ರಲ್ಲಿ ಅವರೂ ಕ್ಯುಮೆಲ್‌ರೂ ಕೂಡಿ ಹೊಸ ದಾರಿ ತೋರಿದರು. ಎಲ್ಲ ಕಣಗಳ ಎಲ್ಲ ವಿನ್ಯಾಸಗಳನ್ನೂ ಎಣಿಸದೆ, ಎರಡು ಮೂರು ಕಣಗಳ ಗುಚ್ಛಗಳನ್ನು ಗಣಿಸಿ, ದೊಡ್ಡವನ್ನು ಅವುಗಳಿಂದಲೇ ಕಟ್ಟುವುದು ಇದರ ತಿರುಳು. ಇದೇ ಕಪಲ್ಡ್ ಕ್ಲಸ್ಟರ್ ವಿಧಾನ. ಆದರೆ ಬೀಜಬಲದ ಸ್ವರೂಪವು ಆಗ ನಿಖರವಾಗಿ ತಿಳಿದಿರಲಿಲ್ಲ; ಗಣಕಯಂತ್ರಗಳಿಗೂ ಶಕ್ತಿ ಸಾಲದು. 1970ರ ದಶಕದಲ್ಲಿ ಬೋಖುಮ್‌ನ ಕ್ಯುಮೆಲ್ ತಂಡ ದುಡಿದ ಬಳಿಕ ಆ ಕ್ಷೇತ್ರದಲ್ಲಿ ವಿಧಾನವು ಬಹುಮಟ್ಟಿಗೆ ಹಿಂದೆ ಸರಿಯಿತು.

ಅದನ್ನು ಸಾಕಿದವರು ರಸಾಯನಶಾಸ್ತ್ರಜ್ಞರು. 1966ರಲ್ಲಿ ಚಿಜೆಕ್ ಅದನ್ನು ಅಣುಗಳ ಎಲೆಕ್ಟ್ರಾನುಗಳಿಗೆ ಅನ್ವಯಿಸಿದರು. ಎಲೆಕ್ಟ್ರಾನುಗಳ ನಡುವಣ ಬಲವು ಚೆನ್ನಾಗಿ ತಿಳಿದದ್ದಾದ್ದರಿಂದ ತಪ್ಪು ಕಂಡಲ್ಲಿ ವಿಧಾನವನ್ನೇ ತಿದ್ದಬಹುದಾಗಿತ್ತು. ನಮ್ಮ ನಾಡಿನಲ್ಲಿಯೂ ಅದು ನೆಲೆಗೊಂಡಿತು: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಬಿ. ಪಿ. ದಾಸ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಬೇರಿಯಂ ಅಯಾನಿನ ಎಡಬಲ ಸಮತೆಯ ಭಂಗವನ್ನು ಇದರ ಸಾಪೇಕ್ಷತಾ ರೂಪದಿಂದ ಗಣಿಸಿದರು.

ಇತ್ತ 1990ರಲ್ಲಿ ವೈನ್‌ಬರ್ಗ್ ಬೀಜಬಲವನ್ನು ಕ್ರಮಬದ್ಧವಾಗಿ ನಿರೂಪಿಸುವ ಮಾರ್ಗವನ್ನು ತೋರಿದ್ದರು. ಈ ಶತಮಾನದ ಆದಿಯಲ್ಲಿ ಅಮೆರಿಕದ ಓಕ್ ರಿಜ್‌ನ ವಿದ್ವಾಂಸರು ವಿಧಾನವನ್ನು ತವರಿಗೆ ಮರಳಿ ತಂದರು. ಕ್ಯಾಲ್ಸಿಯಂ-48ರ ಹೊರಮೈಯ ನ್ಯೂಟ್ರಾನ್ ಪದರವು 0.12ರಿಂದ 0.15 ಫೆಮ್ಟೊಮೀಟರ್ ಎಂದು ಅವರ ತಂಡ ಮೊದಲೇ ನುಡಿಯಿತು. 2022ರ ಪ್ರಯೋಗವು 0.121 ಎಂದಿತು. ಸೀಸ-208ಕ್ಕೆ 2022ರ ಗಣನೆಯು 0.14ರಿಂದ 0.20 ಎಂದರೆ, 2021ರ ಪ್ರಯೋಗವು 0.283 ಎಂದಿತ್ತು. ಪ್ರಯೋಗದ ಅನಿಶ್ಚಿತತೆ ದೊಡ್ಡದಾದ್ದರಿಂದ ಈ ವ್ಯಾಜ್ಯವಿನ್ನೂ ತೀರಿಲ್ಲ.

ಸೀಸದ ಗಣನೆಯಲ್ಲಿ ನೂರು ಕೋಟಿಯಷ್ಟು ಬಲರೂಪಗಳನ್ನು ಪರೀಕ್ಷಿಸಿ, ತಿಳಿದ ಸಂಗತಿಗಳಿಗೆ ಒಗ್ಗದವನ್ನು ಕೈಬಿಟ್ಟರು. ಆ ಕ್ರಮಕ್ಕೆ ಅವರಿಟ್ಟಿರುವ ಹೆಸರು ‘ಹಿಸ್ಟರಿ ಮ್ಯಾಚಿಂಗ್’. ಶಾಸನಗಳಿಗೆ ಒಗ್ಗದ ಊಹೆಯನ್ನು ಬಿಡುವ ನಮ್ಮ ಕ್ರಮಕ್ಕೂ ಇದಕ್ಕೂ ದೂರವಿಲ್ಲ.

ಒಂದು ವಿಚಾರವು ಹುಸಿಯಾಗುವುದು ಬೇರೆ, ಅಕಾಲದಲ್ಲಿ ಹುಟ್ಟುವುದು ಬೇರೆ. ಗೆದ್ದವರ ಪಟ್ಟಿಯನ್ನೇ ವಿಜ್ಞಾನದ ಚರಿತ್ರೆಯೆಂದು ಬೋಧಿಸಿದರೆ ಈ ಭೇದವು ವಿದ್ಯಾರ್ಥಿಗೆ ಕಾಣದು. ಕಾರಂತರ ಸಂಪುಟಗಳ ಕಾಲಕ್ಕೆ ಈ ಕಥೆ ಇನ್ನೂ ಮೊಳಕೆಯಲ್ಲಿತ್ತು. ಅದನ್ನು ಕನ್ನಡದಲ್ಲಿ ಮುಂದುವರಿಸುವ ಹೊಣೆ ಪುತ್ತೂರು, ಸುಳ್ಯ, ಕಡಬಗಳ ಅಧ್ಯಾಪಕರಾದ ನಮ್ಮ ಮೇಲೂ ಇದೆ.